ಎಕೋ ವರದಿಯ ಶೇಕಡಾವಾರು ಅಂಕಿ

ಹೃದಯದ ಎಕೋ ಪರೀಕ್ಷೆಯ ವರದಿಯಲ್ಲಿ ‘ಇ.ಎಫ್.’ ಎಂಬ ಸಂಕ್ಷೇಪದ ಮುಂದೆ ಕಾಣುವ ಅಂಕಿಯು ಎಜೆಕ್ಷನ್ ಫ್ರಾಕ್ಷನ್, ಅಂದರೆ ಹೃದಯದ ಎಡಭಾಗದ ಕೆಳಕೋಣೆಯಾದ ಎಡ ಹೃತ್ಕುಕ್ಷಿಯು ತನ್ನೊಳಗೆ ತುಂಬಿಕೊಂಡ ರಕ್ತದಲ್ಲಿ ಎಷ್ಟು ಪಾಲನ್ನು ಒಂದು ಬಡಿತದಲ್ಲಿ ಹೊರದೂಡುತ್ತದೆ ಎಂಬುದರ ಲೆಕ್ಕ. 120 ಮಿಲಿಲೀಟರ್ ತುಂಬಿಕೊಂಡು 70 ಮಿಲಿಲೀಟರ್ ಹೊರಹಾಕುವ ಹೃದಯದ ಇ.ಎಫ್. ಸುಮಾರು ಶೇ 58. ಆರೋಗ್ಯವಂತ ಹೃದಯವೂ ಎಂದೂ ಪೂರ್ತಿ ಬರಿದಾಗುವುದಿಲ್ಲವಾದ್ದರಿಂದ, ವರದಿಯಲ್ಲಿ 60 ಎಂದು ಓದಿ ಹೃದಯದ ಉಳಿದ 40 ಪಾಲು ಕೆಟ್ಟಿದೆಯೆಂದು ಕಂಗಾಲಾಗಬೇಕಿಲ್ಲ.

ಈ ಪರೀಕ್ಷೆಯ ಮೂಲ ಸ್ವೀಡನ್ನಿನ ಲುಂಡ್ ನಗರದಲ್ಲಿದೆ. ಹೃದಯದ ಎಡಭಾಗದ ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವಿನ ಮೈಟ್ರಲ್ ಕವಾಟದ ಶಸ್ತ್ರಚಿಕಿತ್ಸೆಗೆ ಮುನ್ನ ಅದರ ಸ್ಥಿತಿಯನ್ನು ತಿಳಿಯಬಯಸಿದ ಹೃದ್ರೋಗತಜ್ಞ ಇಂಗೆ ಎಡ್ಲರ್ ಮತ್ತು ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಸ್ ಅವರು, ಲೋಹದೊಳಗಿನ ಬಿರುಕು ಪತ್ತೆಹಚ್ಚಲು ಹಡಗುಕಟ್ಟೆಯಲ್ಲಿ ಬಳಸುತ್ತಿದ್ದ ಶ್ರವಣಾತೀತ ಧ್ವನಿಯ ಉಪಕರಣವನ್ನು ಎದೆಯ ಮೇಲಿಟ್ಟು ನೋಡಿ, 1953ರಲ್ಲಿ ಮಿಡಿಯುವ ಹೃದಯದ ಪ್ರತಿಧ್ವನಿಗಳನ್ನು ದಾಖಲಿಸಿದರು. ಆ ದಾಖಲೆಯಲ್ಲಿ ಸಿಗುತ್ತಿದ್ದುದು ಒಂದೇ ರೇಖೆಯುದ್ದಕ್ಕೂ ನಡೆಯುವ ಚಲನೆ ಮಾತ್ರ; ಹೃತ್ಕುಕ್ಷಿಯ ಆಕಾರವೇ ಪರದೆಯ ಮೇಲೆ ಮೂಡಲು ಇನ್ನೂ ಕಾಲ ಬೇಕಾಯಿತು.

ಇಂದು ಎದೆಗೆ ಜೆಲ್ ಸವರಿ, ಹೃದಯದ ತುದಿಯ ಕಡೆಯಿಂದ ಎರಡು ಕೋನಗಳಲ್ಲಿ ಚಿತ್ರ ಪಡೆದು, ಹೃತ್ಕುಕ್ಷಿಯ ಒಳಗೋಡೆಯ ಅಂಚನ್ನು ಹಿಗ್ಗಿದಾಗೊಮ್ಮೆ, ಕುಗ್ಗಿದಾಗೊಮ್ಮೆ ಗುರುತಿಸಲಾಗುತ್ತದೆ; ಬಳಿಕ ಯಂತ್ರವು ಆ ಆಕಾರವನ್ನು ಒಂದರ ಮೇಲೊಂದು ಜೋಡಿಸಿದ ತೆಳುಬಿಲ್ಲೆಗಳೆಂದು ಭಾವಿಸಿ ಗಾತ್ರವನ್ನು ಕೂಡಿಸುತ್ತದೆ. ಸಿಂಪ್ಸನ್ ವಿಧಾನವೆಂದು ಹೆಸರಾದ ಈ ಎಣಿಕೆ ನಿಖರವಾಗಿ ತೋರಿದರೂ ಅಂಚನ್ನು ಗುರುತಿಸುವ ಕಣ್ಣು, ಉಪಕರಣವನ್ನು ಹಿಡಿದ ಕೈ ಎರಡರ ಮೇಲೂ ಅವಲಂಬಿಸಿದೆ. ಹೃದಯದ ನಿಜವಾದ ತುದಿ ಚಿತ್ರಕ್ಕೆ ಸಿಗದಿದ್ದರೆ ಗಾತ್ರ ಕಡಿಮೆಯಾಗಿ ಕಾಣುತ್ತದೆ. ಆದಕಾರಣ ಹಿಂದಿನ 57 ಈಗ 54 ಆಗಿದೆಯೆಂಬಷ್ಟರಿಂದಲೇ ಹೃದಯ ಸೋತಿದೆಯೆನ್ನುವುದು ಆತುರದ ತೀರ್ಮಾನ.

ಇ.ಎಫ್. ಅನುಪಾತವೇ ಹೊರತು ಪ್ರಮಾಣವಲ್ಲವೆಂಬುದನ್ನು ರೋಗಿಗಳಷ್ಟೇ ಅಲ್ಲ, ಕೆಲವೊಮ್ಮೆ ವೈದ್ಯರೂ ಮರೆಯುವುದುಂಟು. ಹಿಗ್ಗಿಹೋದ ಹೃತ್ಕುಕ್ಷಿಯು 200 ಮಿಲಿಲೀಟರ್ ತುಂಬಿಕೊಂಡು ಅದರ ಶೇ 35ನ್ನು ದೂಡಿದರೂ ಹೊರಬರುವುದು ಅದೇ 70 ಮಿಲಿಲೀಟರ್. ಇತ್ತ ಗೋಡೆ ಬಿರುಸಾಗಿ ಸರಿಯಾಗಿ ಹಿಗ್ಗಲಾರದ ಹೃದಯವು ಶೇ 60ರ ಇ.ಎಫ್. ಇದ್ದೂ ವೈಫಲ್ಯಕ್ಕೆ ಒಳಗಾಗಬಹುದು. ಮೈಟ್ರಲ್ ಕವಾಟ ಸೋರುವವರಲ್ಲಂತೂ ಹಿಂದಕ್ಕೆ ಮೇಲಿನ ಕೋಣೆಗೆ ನುಗ್ಗುವ ರಕ್ತವೂ ಹೊರದೂಡಿದ ಲೆಕ್ಕಕ್ಕೇ ಸೇರಿ ಅಂಕಿಯನ್ನು ಉಬ್ಬಿಸುತ್ತದೆ. ಹೀಗಾಗಿ ಸೋರಿಕೆ ತೀವ್ರವಾಗಿದ್ದು ಇ.ಎಫ್. 60ಕ್ಕೆ ಇಳಿದರೆ, ರೋಗಿಗೆ ಯಾವ ತೊಂದರೆಯೂ ಕಾಣಿಸದಿದ್ದರೂ ತಜ್ಞರು ಶಸ್ತ್ರಚಿಕಿತ್ಸೆಯ ಮಾತೆತ್ತುತ್ತಾರೆ.