ಪಕ್ಕದಲ್ಲಿ ನಿಂತು ಕಲಿಸುವವರು

ಚೊಚ್ಚಲು ಹೆರಿಗೆ ತೌರಿನಲ್ಲಿಯೇ ಆಗಬೇಕೆಂಬುದು ನಮ್ಮಲ್ಲಿ ತಲೆತಲಾಂತರದಿಂದ ನಡೆದುಬಂದ ಪದ್ಧತಿ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮ್ಮಂಥವರಿಗೆ ಅದು ಎಲ್ಲ ವೇಳೆಯಲ್ಲಿಯೂ ಕೂಡಿಬರುವುದಿಲ್ಲ. ಆಗ ತೌರೇ ಗಂಟು ಕಟ್ಟಿಕೊಂಡು ರೈಲು ಹತ್ತುತ್ತದೆ. ಅಂಟಿನುಂಡೆಯ ಡಬ್ಬಿಯೊಡನೆ ಅಜ್ಜಿಯೊಬ್ಬರು ಬಂದಿಳಿಯುತ್ತಾರೆ.

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿಯೂ ಹೀಗೆಯೇ ಆಯಿತು. ಈ ನಗರದ ಒಂದು ದೊಡ್ಡ ಆಸ್ಪತ್ರೆಯಲ್ಲಿ ನಮ್ಮ ಮಗಳು ಹೆತ್ತಳು. ಕೂಸನ್ನು ಕಂಡು ನಾವೆಲ್ಲರೂ ಹಿಗ್ಗಿನಲ್ಲಿ ಮೈಮರೆತಿದ್ದಾಗ ಅಜ್ಜಿ ಮಾತ್ರ ತಾಯಿಯ ಮುಖವನ್ನೇ ನೋಡುತ್ತಿದ್ದರು. “ಹುಡುಗಿ ಮಾರಿ ಬೆಳ್ಳಗಾಗೇದ, ಯಾರನ್ನರ ಕರೀರಿ” ಎಂದು ಕೂಗಿಕೊಂಡರು. ರಕ್ತಸ್ರಾವ ಮಿತಿಮೀರಿತ್ತು. ವೈದ್ಯರು ಓಡಿಬಂದರು, ದೇವರ ದಯೆ, ಜೀವ ಉಳಿಯಿತು. ಮಾರನೆಯ ದಿನ ಎಳೆಯ ದಾದಿಯೊಬ್ಬಳು, ಆಕೆಯೂ ಕಾರವಾರದ ಕಡೆಯವಳೇ, ಅಜ್ಜಿಯ ಬಳಿ ಬಂದು ಕಣ್ಣೀರಿಟ್ಟಳು. “ಅಜ್ಜೀ, ನನಗೂ ಅನುಮಾನ ಬಂದಿತ್ತು. ದೊಡ್ಡ ಸಿಸ್ಟರಿಗೆ ಹೇಳುವುದು ಹೇಗೆಂದು ಸುಮ್ಮನಾದೆ” ಎಂದಳು.

ಆ ಮಾತು ನಮ್ಮನ್ನು ಇಂದಿಗೂ ಕಾಡುತ್ತದೆ. ಅಲ್ಲಿ ಕಲಿತವರಿದ್ದರು, ಔಷಧವಿತ್ತು, ಕಾಣುವ ಕಣ್ಣೂ ಇತ್ತು. ಕಂಡದ್ದನ್ನು ಹೇಳುವ ಧೈರ್ಯವೊಂದು ಇರಲಿಲ್ಲ. ಆ ಧೈರ್ಯವನ್ನು ಕೊಡುವವರು ಯಾರು? ಪುಸ್ತಕದಿಂದ ಅದು ಬರಲಾರದು, ಮೇಲಧಿಕಾರಿಯ ಗದರಿಕೆಯಿಂದಂತೂ ಬರಲೇ ಆರದು.

ನಮ್ಮ ಹಿರಿಯರಿಗೆ ಇದರ ಮರ್ಮ ತಿಳಿದಿತ್ತು. ಗರಡಿಯಲ್ಲಿ ಹತ್ತು ಕುಸ್ತಿ ಗೆದ್ದ ಪೈಲವಾನನೂ ಉಸ್ತಾದರ ಕಣ್ಣೆದುರಿಗೇ ಸಾಮು ಮಾಡುತ್ತಾನೆ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರನ್ನು ವಾಚಕರು ಬಲ್ಲರು. ಕೂಲಿ ಕೇಳದೆ ಸಾವಿರಾರು ಹೆರಿಗೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷ ತೀರಿಕೊಂಡ ಆ ಮಹಾತಾಯಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅವರ ವಿದ್ಯೆಯೆಲ್ಲ ಅಜ್ಜಿಯಿಂದ ಬಂದದ್ದು. ಪಕ್ಕದಲ್ಲಿ ನಿಂತು, ಕೈ ನೋಡಿ, ತಿದ್ದಿ ಕಲಿಸುವುದು. ಇದನ್ನೇ ಇಂದಿನವರು ‘ಕೋಚಿಂಗ್’ ಎನ್ನುತ್ತಾರೆ.

ಈ ಹಳೆಯ ವಿದ್ಯೆಯನ್ನು ಹೊಸ ಆಸ್ಪತ್ರೆಗಳಲ್ಲಿ ಪರೀಕ್ಷಿಸಿ ನೋಡಿದ ಸಂಗತಿಯೊಂದುಂಟು. ಅದರ ಮೊದಲ ಹೆಜ್ಜೆ ಬಿದ್ದದ್ದು ನಮ್ಮ ಕರ್ನಾಟಕದಲ್ಲಿ ಎಂಬುದು ಸಂತೋಷದ ಮಾತು.

ವಿಶ್ವ ಆರೋಗ್ಯ ಸಂಸ್ಥೆಯವರು ಸುರಕ್ಷಿತ ಹೆರಿಗೆಗಾಗಿ ಒಂದೇ ಹಾಳೆಯ ಪಟ್ಟಿಯೊಂದನ್ನು ಸಿದ್ಧಪಡಿಸಿದರು. ಗರ್ಭಿಣಿ ಆಸ್ಪತ್ರೆಗೆ ಬಂದಾಗ, ಮಗು ಹುಟ್ಟುವ ಮುನ್ನ, ಹುಟ್ಟಿದ ಒಂದು ಗಂಟೆಯೊಳಗೆ, ಮನೆಗೆ ಕಳಿಸುವ ಮುನ್ನ, ಹೀಗೆ ನಾಲ್ಕು ಸಲ ನಿಂತು ನೋಡಿಕೊಳ್ಳಬೇಕಾದ ಅಂಶಗಳು ಅದರಲ್ಲಿವೆ. ಕೈ ತೊಳೆಯಲು ಸಾಬೂನಿದೆಯೇ? ಹೊಕ್ಕುಳಬಳ್ಳಿ ಕತ್ತರಿಸಲು ಶುದ್ಧವಾದ ಅಲಗಿದೆಯೇ? ಸಮಯಕ್ಕೆ ಒದಗಲು ಸಹಾಯಕರೊಬ್ಬರು ಸಿದ್ಧರಿದ್ದಾರೆಯೇ? ತಾಯಿಗೆ ರಕ್ತಸ್ರಾವ ಹೆಚ್ಚಿದೆಯೇ? ಇವು ಯಾರಿಗೂ ಗೊತ್ತಿಲ್ಲದ ಸಂಗತಿಗಳಲ್ಲ, ಗಡಿಬಿಡಿಯಲ್ಲಿ ಮರೆತುಹೋಗುವಂಥವು.

2010ರಲ್ಲಿ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ತಜ್ಞರೂ ಕೂಡಿ, ಕರ್ನಾಟಕದ ಒಂದು ತಾಲ್ಲೂಕು ಮಟ್ಟದ ಹೆರಿಗೆ ಕೇಂದ್ರದಲ್ಲಿ ಈ ಪಟ್ಟಿಯನ್ನು ಬಳಸಿ ನೋಡಿದರು. ಅಗತ್ಯವಾದ 29 ಕೆಲಸಗಳಲ್ಲಿ ಮೊದಲು ಸರಾಸರಿ 10 ಮಾತ್ರ ನಡೆಯುತ್ತಿದ್ದವು; ಆಮೇಲೆ ಅವು 25ಕ್ಕೆ ಏರಿದವು.

ಮುಂದೆ ಉತ್ತರ ಪ್ರದೇಶದಲ್ಲಿ ಇದೇ ಪ್ರಯೋಗವನ್ನು ಬಹು ದೊಡ್ಡ ಪ್ರಮಾಣದಲ್ಲಿ ಕೈಗೊಂಡರು. 24 ಜಿಲ್ಲೆಗಳ 120 ಆಸ್ಪತ್ರೆಗಳು. ಒಂದೂವರೆ ಲಕ್ಷಕ್ಕೂ ಹೆಚ್ಚು ತಾಯಂದಿರು. ಅರ್ಧದಷ್ಟು ಆಸ್ಪತ್ರೆಗಳಿಗೆ ಪಟ್ಟಿಯೊಡನೆ ಕೋಚ್‌ಗಳನ್ನೂ ಕಳಿಸಿದರು. ಹೆರಿಗೆ ಕೋಣೆಯ ದಾದಿಯರ ಬಳಿಗೆ ಹೋದ ಕೋಚ್‌ಗಳು ಹೆಚ್ಚಾಗಿ ದಾದಿಯರೇ. ಅವರ ಮುಖಂಡರು ಆಸ್ಪತ್ರೆಯ ಮುಖ್ಯ ವೈದ್ಯರೊಡನೆ ಕೂತು ಮಾತಾಡುತ್ತಿದ್ದರು. ಕೆಲಸ ತಪ್ಪಿದಲ್ಲಿ ‘ಯಾರದು ತಪ್ಪು?’ ಎಂದು ಹುಡುಕದೆ, ಅಡ್ಡಿ ಯಾವುದು, ಸಾಮಾನಿಲ್ಲವೇ, ಅವಕಾಶವಿಲ್ಲವೇ, ತಿಳಿವಳಿಕೆ ಸಾಲದೇ, ಮನಸ್ಸಿಲ್ಲವೇ, ಎಂದು ಕೇಳುವುದು ಅವರ ಕ್ರಮ. ಸಾಬೂನಿಲ್ಲದ ದಾದಿಗೆ ಕೈ ತೊಳೆಯುವ ಉಪದೇಶ ಮಾಡಿ ಫಲವೇನು? ಅಲ್ಲಿ ತಿದ್ದಿಕೊಳ್ಳಬೇಕಾದವರು ಸಾಮಾನು ತರಿಸುವ ಅಧಿಕಾರವುಳ್ಳವರು. ಹಿರಿತನವೆಂದರೆ ಅಪ್ಪಣೆ ಕೊಡುವುದಷ್ಟೇ ಅಲ್ಲ, ಕೆಳಗಿನವರ ಕೈ ಕಟ್ಟಿರುವ ಗಂಟನ್ನು ಬಿಚ್ಚುವುದು ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಫಲವೇನಾಯಿತು? ಎರಡು ತಿಂಗಳಾದಾಗ ಕೋಚ್‌ಗಳಿದ್ದ ಕಡೆ ಆಗಬೇಕಾದ ಕೆಲಸಗಳಲ್ಲಿ ನೂರಕ್ಕೆ 73 ಆಗುತ್ತಿದ್ದವು. ಇಲ್ಲದ ಕಡೆ 42. ಎಂಟು ತಿಂಗಳಿಗೆ ಕೋಚ್‌ಗಳ ಭೇಟಿ ನಿಂತಿತು. ವರ್ಷ ತುಂಬುವ ಹೊತ್ತಿಗೆ 73 ಇದ್ದದ್ದು 62ಕ್ಕೆ ಇಳಿಯಿತು. ಎಲ್ಲಕ್ಕಿಂತ ಕಹಿಯಾದ ಮಾತೆಂದರೆ, ತಾಯಿ-ಮಕ್ಕಳ ಸಾವು ಮತ್ತು ತಾಯಂದಿರ ಗಂಭೀರ ತೊಂದರೆಗಳನ್ನು ಕೂಡಿಸಿ ನೋಡಿದರೆ ಎರಡು ಕಡೆಯೂ ವ್ಯತ್ಯಾಸವಿರಲಿಲ್ಲ: ಒಂದು ಕಡೆ ನೂರಕ್ಕೆ 15.1, ಇನ್ನೊಂದು ಕಡೆ 15.3.

ಇಷ್ಟು ಶ್ರಮಪಟ್ಟವರಿಗೆ ಈ ಲೆಕ್ಕವನ್ನು ಮುಚ್ಚಿಡುವ ಆಸೆ ಹುಟ್ಟಿದ್ದರೂ ಆಶ್ಚರ್ಯವಿರಲಿಲ್ಲ. ಅವರು ಮುಚ್ಚಿಡಲಿಲ್ಲ. 2017ರ ಡಿಸೆಂಬರಿನಲ್ಲಿ ಪ್ರಖ್ಯಾತ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಎಲ್ಲವನ್ನೂ ಇದ್ದುದಿದ್ದಂತೆ ಪ್ರಕಟಿಸಿದರು. ವೈದ್ಯಧರ್ಮವೆಂದು ನಾವು ಕರೆಯುವುದು ಇದನ್ನೇ. ತನ್ನ ಸೋಲನ್ನು ತಾನೇ ಹೇಳಿಕೊಳ್ಳಬಲ್ಲ ಹಿರಿಯನಿದ್ದಲ್ಲಿ ಮಾತ್ರ ಕಿರಿಯ ದಾದಿಗೆ ‘ಇಲ್ಲಿ ತಪ್ಪಾಗುತ್ತಿದೆ’ ಎನ್ನುವ ಬಾಯಿ ಬಂದೀತು.

ಹಾಗಾದರೆ ಪಕ್ಕದಲ್ಲಿ ನಿಂತು ಕಲಿಸುವುದು ವ್ಯರ್ಥವೇ? ಖಂಡಿತ ಅಲ್ಲ. ಕೆಲಸದ ರೀತಿ ಬದಲಾಯಿತಷ್ಟೆ! ಆದರೆ ಕಲಿಸುವವರು ಹೊರಟುಹೋದ ಮೇಲೆ ಆ ಕೆಲಸವನ್ನು ಆಸ್ಪತ್ರೆಯವರೇ ವಹಿಸಿಕೊಳ್ಳಬೇಕು. ತೊಡಕಿನ ಹೆರಿಗೆಯನ್ನು ನಿಭಾಯಿಸುವ ಕೈಚಳಕ, ಸಮಯಕ್ಕೆ ಒದಗುವ ರಕ್ತ, ದೊಡ್ಡ ಆಸ್ಪತ್ರೆಗೆ ಒಯ್ಯುವ ವಾಹನ, ಇವೆಲ್ಲ ಜೊತೆಗಿರಬೇಕು. ಒಂದೇ ಎತ್ತಿನಿಂದ ಗಾಡಿ ಸಾಗದು.

ಇದರಲ್ಲಿ ನಮ್ಮ ಪಾಲೂ ಇದೆ. ತಾಯಿಯಾಗಲಿ ಜೊತೆಗಿರುವವರಾಗಲಿ ಅಪಾಯದ ಚಿಹ್ನೆ ಕಂಡೊಡನೆ ಕರೆಯಬೇಕೆಂದು ಆ ಪಟ್ಟಿಯಲ್ಲಿಯೇ ಹೇಳಿದೆ. ಆದುದರಿಂದ ಪರಭಾಷೆಯ ಊರಿನಲ್ಲಿದ್ದೇವೆಂದು ಸಂಕೋಚಪಡದೆ ಕೇಳೋಣ. ಕೇಳುವಾಗ ಸಿಟ್ಟಿಲ್ಲದೆ ಕೇಳೋಣ. ಆಸ್ಪತ್ರೆಯಲ್ಲಿ ಕೂಗಾಡಿ ಕಿರಿಯ ದಾದಿಯನ್ನು ಬೈದರೆ ಆಕೆ ಇನ್ನಷ್ಟು ಮೌನಿಯಾಗುತ್ತಾಳೆ. ಆ ಮೌನಕ್ಕೆ ಬೆಲೆ ತೆರುವವಳು ಮುಂದಿನ ಹಾಸಿಗೆಯ ತಾಯಿ. ನಮ್ಮ ಸಂಘದ ಕುಟುಂಬಗಳಲ್ಲಿ ವೈದ್ಯರೂ ದಾದಿಯರೂ ಇದ್ದಾರೆ. ಬಸುರಿಯರಿರುವ ಮನೆಗಳವರನ್ನು ಕೂಡಿಸಿ, ಏನು ನೋಡಬೇಕು, ಯಾರನ್ನು ಕರೆಯಬೇಕು ಎಂದು ಅವರು ವರ್ಷಕ್ಕೊಮ್ಮೆ ತಿಳಿಸಿಕೊಟ್ಟರೆ ಎಷ್ಟು ಚೆನ್ನ!

ಅಂದು ನಮ್ಮ ಅಜ್ಜಿ ಆ ಕಾರವಾರದ ಹುಡುಗಿಯನ್ನು ಬೈಯಲಿಲ್ಲ. ತಲೆ ನೇವರಿಸಿ, ಕೈಗೊಂದು ಅಂಟಿನುಂಡೆ ಕೊಟ್ಟು, “ಇನ್ನ ಮ್ಯಾಲೆ ಕಂಡದ್ದು ಹೇಳವ್ವ, ತಪ್ಪಾದ್ರ ಆಗ್ಲಿ” ಎಂದರು. ಆ ಒಂದು ಮಾತನ್ನು ಆಕೆಗೆ ಆಸ್ಪತ್ರೆಯ ಹಿರಿಯರೇ ಮೊದಲು ಹೇಳಿದ್ದರೆ, ಅಜ್ಜಿ ಕೂಗಿಕೊಳ್ಳುವ ಪ್ರಸಂಗವೇ ಬರುತ್ತಿರಲಿಲ್ಲ.