ಓಲ್ಡ್ ಟೌನ್ ಗುಡಿಯ ಕಲ್ಲಿಗೂ ಲಾವಾಕ್ಕೂ ನಂಟು

ಭದ್ರಾವತಿಯ ಓಲ್ಡ್ ಟೌನ್‌ನಲ್ಲಿರುವ ಲಕ್ಷ್ಮೀನರಸಿಂಹ ದೇವಸ್ಥಾನ 13ನೇ ಶತಮಾನದ ಹೊಯ್ಸಳ ತ್ರಿಕೂಟ, ಅಂದರೆ ಮೂರು ಗರ್ಭಗುಡಿಗಳ ಗುಡಿ. ಬಂದವರೆಲ್ಲ ಕೆತ್ತನೆ ನೋಡುತ್ತಾರೆ, ಕಲ್ಲನ್ನು ಕೇಳುವವರು ಕಡಿಮೆ. ಅದು ಬಳಪದ ಕಲ್ಲು. ಭೂಗರ್ಭದಿಂದ ಉಕ್ಕಿದ, ಮೆಗ್ನೀಸಿಯಂ ಹೆಚ್ಚಿರುವ ಶಿಲಾರಸ ಗಟ್ಟಿಯಾಗಿ, ಆಮೇಲೆ ಒತ್ತಡ, ಶಾಖ, ನೀರಿಗೆ ಸಿಕ್ಕಿ ಮೆತ್ತಗಾದ ಶಿಲೆ. ಉಳಿ ಸುಲಭವಾಗಿ ಇಳಿಯುತ್ತದೆಂದೇ ಹೊಯ್ಸಳ ಶಿಲ್ಪಿಗಳು ಅದನ್ನು ಆರಿಸಿದರು.

ಶಿಲಾರಸದ ಕತೆ ಮುಂದುವರಿಯುವುದು ಇಲ್ಲಿಂದ ದಕ್ಷಿಣಕ್ಕೆ, ತರೀಕೆರೆಯ ಆಚೆ, ಬಾಬಾಬುಡನ್‌ಗಿರಿಯಲ್ಲಿ. ಜಾಗರ ಕಣಿವೆಯನ್ನು ಬಳಸಿಕೊಂಡು ಕುದುರೆ ಲಾಳದಂತೆ ಬಾಗಿದ ಈ ಚಂದ್ರದ್ರೋಣ ಪರ್ವತವನ್ನು ನಕ್ಷೆಯಲ್ಲಿ ನೋಡಿದರೆ ಜ್ವಾಲಾಮುಖಿಯ ಬಾಯಿಯೇ ಅನ್ನಿಸೀತು. ಅಲ್ಲ. ಶಿಲಾಪದರಗಳು ಮಡಿಕೆ ಬಿದ್ದು, ಸವೆದು ಉಳಿದ ಆಕಾರ ಅದು. ಆದರೆ ಆ ಪದರಗಳಲ್ಲಿ ಲಾವಾ ಧಾರಾಳವಾಗಿದೆ: ಸುಮಾರು 270ರಿಂದ 290 ಕೋಟಿ ವರ್ಷ ಹಿಂದೆ ಹರಿದು ಹೆಪ್ಪುಗಟ್ಟಿದ ಬಸಾಲ್ಟ್. ಅನಿಲದ ಗುಳ್ಳೆ ಬಿಟ್ಟುಹೋದ ತೂತುಗಳಲ್ಲಿ ಬಿಳಿ ಖನಿಜ ತುಂಬಿಕೊಂಡಿರುವುದು ಕೆಲವೆಡೆ ಇನ್ನೂ ಕಾಣುತ್ತದೆ. ಡೈನೋಸಾರ್‌ಗಳ ಕೊನೆಗಾಲದ ದಖ್ಖನ್ ಲಾವಾ ಇದರೆದುರು ನಿನ್ನೆಯದು, ಬರೀ 6.6 ಕೋಟಿ ವರ್ಷದ್ದು.

ಲಾವಾದ ಮೇಲಿನ ಪದರವೇ ಭದ್ರಾವತಿಗೆ ಅನ್ನ ಕೊಟ್ಟಿದ್ದು. ಆಗ ಇಲ್ಲಿದ್ದ ಕಡಲ ತಳದ ಬಿಸಿನೀರಿನ ಬುಗ್ಗೆಗಳಿಂದ ಬಂದ ಕಬ್ಬಿಣ ನೀರಲ್ಲಿ ಕರಗಿತ್ತು. ಅದು ಸಿಲಿಕಾದೊಂದಿಗೆ ಪಟ್ಟೆಪಟ್ಟೆಯಾಗಿ ತಳಕ್ಕೆ ಕೂತಿತು. ಮುಂದೆ ಮಳೆಗಾಳಿ ಸಿಲಿಕಾವನ್ನು ತೊಳೆದು ಹಾಕಿದಲ್ಲೆಲ್ಲ ಅದಿರು ಉಳಿಯಿತು. ಇದೇ ಬೆಟ್ಟಸಾಲಿನ ಕೆಮ್ಮಣ್ಣುಗುಂಡಿಯ ಆ ಅದಿರನ್ನು ನಂಬಿ ವಿಶ್ವೇಶ್ವರಯ್ಯನವರು ಆಗ ಬೆಂಕಿಪುರವಾಗಿದ್ದ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಗೆ ಕೈಹಾಕಿದರು. 1923ರಲ್ಲಿ ಉತ್ಪಾದನೆ ಶುರುವಾಯಿತು. ಕಲ್ಲಿದ್ದಲಿಲ್ಲದ ಮಲೆನಾಡಿನಲ್ಲಿ ಕುಲುಮೆಗೆ ಇದ್ದಿಲು ಒದಗಿಸಿದ್ದು ಸುತ್ತಲ ಕಾಡು. ಕಾರ್ಖಾನೆಯ ಕತೆ ಹೇಳುವಾಗ ಆ ಮರಗಳ ಲೆಕ್ಕವನ್ನು ನಾವು ಸಾಮಾನ್ಯವಾಗಿ ಬಿಟ್ಟುಬಿಡುತ್ತೇವೆ.

ಇಲ್ಲಿನ ಜ್ವಾಲಾಮುಖಿ ಮತ್ತೆ ಏಳುತ್ತದೆಯೇ? ಇಲ್ಲ. ನಿದ್ದೆ ಮಾಡುತ್ತಿರುವುದಲ್ಲ, ಸತ್ತು ಯುಗಗಳೇ ಕಳೆದಿವೆ. ಈಗ ಬೆಂಕಿಯುಗುಳುವ ಜ್ವಾಲಾಮುಖಿ ಭಾರತದಲ್ಲಿ ಒಂದೇ, ಅಂಡಮಾನಿನ ಬ್ಯಾರನ್ ದ್ವೀಪ.

ಓಲ್ಡ್ ಟೌನಿಗೆ ಹೋದವರು ಗುಡಿಯ ಹೊರಗೋಡೆಯನ್ನು ಬಿಸಿಲಲ್ಲಿ ನಿಂತು ನೋಡಿ. ಹೆಸರು ಮಾತ್ರ ಗೀಚಬೇಡಿ. ಉಳಿಗೆ ಮಣಿದ ಕಲ್ಲು ಬೀಗದ ಕೈಗೂ ಮಣಿಯುತ್ತದೆ.