ಸೋತವರಿಗೂ ಮುಂದಿನ ವಾರ ಪಂದ್ಯ

ತಾಲ್ಲೂಕು ಕೇಂದ್ರದ ಕಾಲೇಜಿನ ತಂಡವೊಂದು ಮೈಸೂರು ವಿಶ್ವವಿದ್ಯಾನಿಲಯದ ಅಂತರ ಕಾಲೇಜು ಪಂದ್ಯಾವಳಿಗೆ ಹೊರಟಿತು ಎನ್ನಿ. ಎಲಿಜಿಬಿಲಿಟಿ ಫಾರಂ ತುಂಬಿ, ಪ್ರಿನ್ಸಿಪಾಲರ ಸಹಿ ಹಾಕಿಸಿ, ದೈಹಿಕ ಶಿಕ್ಷಣ ನಿರ್ದೇಶಕರಾದ ಪಿ.ಡಿ. ಸರ್ ಜೊತೆ ಬೆಳಗಿನ ಬಸ್ಸು ಹತ್ತಿ ಹೋದರೆ, ಡ್ರಾದಲ್ಲಿ ಎದುರಾದದ್ದು ನಗರದ ಬಲಿಷ್ಠ ಕಾಲೇಜು. ಬ್ಯಾಸ್ಕೆಟ್‌ಬಾಲ್ ಆದರೆ ಹತ್ತು ನಿಮಿಷದ ನಾಲ್ಕು ಅವಧಿ, ಅಷ್ಟರಲ್ಲಿ ಆ ವರ್ಷದ ಆಟ ಮುಗಿಯಿತು. ಮಧ್ಯಾಹ್ನದ ಊಟ ಮಾಡಿಕೊಂಡು ವಾಪಸ್. ಇದು ನಾಕೌಟ್ ಪದ್ಧತಿಯ ಸ್ವಭಾವ. ಯಾರ ತಪ್ಪೂ ಇಲ್ಲ. 16 ತಂಡ ಬಂದರೆ 15 ಪಂದ್ಯಕ್ಕೆ ವಿಜೇತರು ಸಿಗುತ್ತಾರೆ, ಎರಡು ದಿನದಲ್ಲಿ ಅಂಗಳ ಖಾಲಿ. ಅದೇ 16 ತಂಡ ಲೀಗ್ ಆಡಿದರೆ 120 ಪಂದ್ಯ ಬೇಕು. ಅಷ್ಟಕ್ಕೆ ಅಂಗಳ ಯಾರು ಕೊಡುತ್ತಾರೆ, ಅಂಪೈರ್ ಎಲ್ಲಿಂದ ತರುವುದು, ಟಿಎ-ಡಿಎ ಎಲ್ಲಿಯದು?

ಆದರೆ ಈ ಲೆಕ್ಕದ ಇನ್ನೊಂದು ಮುಖ ನೋಡಬೇಕು. ನಾಕೌಟ್‌ನಲ್ಲಿ ಅರ್ಧದಷ್ಟು ತಂಡಗಳು ಒಂದೇ ಪಂದ್ಯ ಆಡಿ ಮನೆಗೆ ಹೋಗುತ್ತವೆ. ಹೆಚ್ಚು ಆಟ ಯಾರಿಗೆ ಬೇಕಾಗಿತ್ತೋ ಅವರಿಗೇ ಕಡಿಮೆ ಆಟ. ಲೀಗ್‌ನಲ್ಲಿ ಸೋತ ತಂಡಕ್ಕೂ ಮುಂದಿನ ವಾರ ಪಂದ್ಯವಿರುತ್ತದೆ, ಸೋತದ್ದೇಕೆ ಎಂದು ಯೋಚಿಸಲು ನಡುವೆ ಆರು ದಿನ ಇರುತ್ತವೆ. ಕ್ರೀಡಾಋತು ಎಂದು ಕರೆಯುವುದಿದ್ದರೆ ಇದನ್ನೇ ಕರೆಯಬೇಕು.

ಇಂಥ ಋತುವೊಂದು ಹೇಗೆ ಹುಟ್ಟುತ್ತದೆಂದು ತಿಳಿಯಲು ಕೆನಡಾ ಒಳ್ಳೆಯ ಉದಾಹರಣೆ. ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದು ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ತರಬೇತಿ ಶಾಲೆಯಲ್ಲಿ, 1891ರ ಡಿಸೆಂಬರ್‌ನಲ್ಲಿ. ಹುಟ್ಟಿಸಿದವನು ಮಾತ್ರ ಕೆನಡಾದವನು. ಒಂಟಾರಿಯೊದ ಆಲ್ಮಾಂಟ್ ಎಂಬಲ್ಲಿ 1861ರಲ್ಲಿ ಹುಟ್ಟಿ, ಮಾಂಟ್ರಿಯಲ್‌ನ ಮೆಗಿಲ್ ವಿಶ್ವವಿದ್ಯಾನಿಲಯದಲ್ಲಿ ಓದಿದ ಜೇಮ್ಸ್ ನೈಸ್ಮಿತ್. ಹೊರಗೆ ಹಿಮ, ಒಳಗೆ ಕಸರತ್ತು ಮಾಡಿ ಬೇಸತ್ತ ಹದಿನೆಂಟು ಮಂದಿ ವಿದ್ಯಾರ್ಥಿಗಳು. ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಗ್ಯಾಲರಿಯ ಕಟಕಟೆಗೆ ಬಡಿದು, 13 ನಿಯಮ ಬರೆದು, ಕಡೆಗೆ ಒಂಬತ್ತು ಮಂದಿಯಂತೆ ಆಡಿಸಿದ. ಮೊದಲ ಪಂದ್ಯದ ಫಲಿತಾಂಶ 1-0. ಗ್ಯಾಲರಿಯ ಎತ್ತರ ಹತ್ತು ಅಡಿ ಇತ್ತು. ರಿಂಗಿನ ಎತ್ತರ ಇಂದಿಗೂ ಹತ್ತು ಅಡಿಯೇ, ಅಂದರೆ 3.05 ಮೀಟರ್. ಆ ಹದಿನೆಂಟು ಜನರಲ್ಲಿ ಒಬ್ಬನಾದ ಮಾಂಟ್ರಿಯಲ್‌ನ ಡಂಕನ್ ಪ್ಯಾಟನ್ 1894ರಲ್ಲಿ ಭಾರತಕ್ಕೆ ಈ ಆಟ ತಂದನೆಂದು ದಾಖಲೆಯಿದೆ. ನಮ್ಮ ನೆಲಕ್ಕೆ ಕ್ರಿಕೆಟ್ಟಿನಂತೆ ದೊರೆಗಳ ಕ್ಲಬ್ಬಿನಿಂದ ಇಳಿದ ಆಟವಲ್ಲ ಇದು, ಮೇಷ್ಟರುಗಳ ಕೈಯಿಂದ ಬಂದದ್ದು.

ಕೆನಡಾದಲ್ಲಿ ವಿಶ್ವವಿದ್ಯಾನಿಲಯಗಳ ನಡುವೆ ಬ್ಯಾಸ್ಕೆಟ್‌ಬಾಲ್ ಶುರುವಾದದ್ದು 1904ರಲ್ಲಿ, ಮೆಗಿಲ್ ಮತ್ತು ಕಿಂಗ್‌ಸ್ಟನ್ ಊರಿನ ಕ್ವೀನ್ಸ್ ವಿಶ್ವವಿದ್ಯಾನಿಲಯಗಳ ನಡುವಣ ಪಂದ್ಯದಿಂದ. 1906ರಲ್ಲಿ ಅಂತರ ವಿಶ್ವವಿದ್ಯಾನಿಲಯ ಕ್ರೀಡಾ ಒಕ್ಕೂಟ ಕಟ್ಟಿಕೊಂಡರು. ಹೆಸರೇನೋ ಇಡೀ ಕೆನಡಾದ್ದು, ಸದಸ್ಯರೆಲ್ಲ ಒಂಟಾರಿಯೊ ಮತ್ತು ಕ್ವಿಬೆಕ್ ಪ್ರಾಂತ್ಯದವರು. ಮಾಂಟ್ರಿಯಲ್, ಕಿಂಗ್‌ಸ್ಟನ್, ಟೊರಾಂಟೊ, ಮೂರೂ ಒಂದೇ ರೈಲು ಹಾದಿಯ ಮೇಲಿದ್ದ ಊರುಗಳು, ಕಿಂಗ್‌ಸ್ಟನ್ ಹೆಚ್ಚುಕಡಿಮೆ ನಡುವೆ. ಮೂರೇ ತಂಡ ಒಬ್ಬರ ಊರಿಗೆ ಇನ್ನೊಬ್ಬರು ಹೋಗಿ ಬಂದು ಆಡಿದರೂ ಆರು ಪಂದ್ಯವಾಗುತ್ತದೆ. ಲೀಗ್‌ಗೆ ಅಷ್ಟು ಸಾಕು.

ಆಗಿನ ಆಟ ಈಗ ನೋಡಿದರೆ ನಿಧಾನ ಎನಿಸುತ್ತದೆ. ಒಂದು ಬುಟ್ಟಿ ಬಿದ್ದ ಮೇಲೆ ಚೆಂಡನ್ನು ಮತ್ತೆ ನಡು ಅಂಗಳಕ್ಕೆ ತಂದು ಇಬ್ಬರ ನಡುವೆ ಮೇಲಕ್ಕೆ ಎಸೆಯಬೇಕಿತ್ತು. ಈ ಪದ್ಧತಿ ಹೋದದ್ದು 1930ರ ದಶಕದ ಕೊನೆಗೆ. ಹಾಗಾಗಿ ಅಂಕ ಏರುತ್ತಿರಲಿಲ್ಲ, ಎತ್ತರದ ಹುಡುಗನೊಬ್ಬ ನಡುವೆ ನಿಂತರೆ ಅರ್ಧ ಪಂದ್ಯ ಅವನದೇ. ಇಂದಿನಂತೆ 24 ಸೆಕೆಂಡಿನೊಳಗೆ ಎಸೆಯಲೇಬೇಕೆಂಬ ಅವಸರವೂ ಇರಲಿಲ್ಲ.

ಒಂದು ಸಂಗತಿ ಗಮನಿಸಿ. ಆಟ ಕಂಡುಹಿಡಿದವನ ನಾಡಿನಲ್ಲೇ ಇಡೀ ದೇಶದ ವಿಶ್ವವಿದ್ಯಾನಿಲಯ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಪಂದ್ಯಾವಳಿ ಶುರುವಾದದ್ದು 1963ರಲ್ಲಿ. ಅಷ್ಟು ವರ್ಷ ಪೂರ್ವದವರು ಪೂರ್ವದಲ್ಲಿ, ಪಶ್ಚಿಮದವರು ಪಶ್ಚಿಮದಲ್ಲಿ ಆಡಿಕೊಂಡಿದ್ದರು. ಪ್ರತಿಭೆ ಕಡಿಮೆಯಿತ್ತೆ? 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಕೆನಡಾ ಬೆಳ್ಳಿ ಗೆದ್ದಿತ್ತು. ಅಡ್ಡಿಯಾಗಿದ್ದದ್ದು ದೂರ. ನನ್ನ ಮಟ್ಟಿಗೆ ಲೀಗಿನ ಚರಿತ್ರೆಯೆಂದರೆ ಮುಕ್ಕಾಲು ಪಾಲು ಪ್ರಯಾಣದ ಚರಿತ್ರೆ.

ಇನ್ನು ನಮ್ಮ ಕಡೆಗೆ ಬರೋಣ. ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಆರಂಭವಾದಾಗ ಅದರ ಮುಖ್ಯ ಕಾಲೇಜುಗಳು ಮೈಸೂರಿನ ಮಹಾರಾಜ ಕಾಲೇಜು ಮತ್ತು ಬೆಂಗಳೂರಿನ ಸೆಂಟ್ರಲ್ ಕಾಲೇಜು. ನಾಲ್ಕು ವರ್ಷಕ್ಕೆ, 1920ರಲ್ಲಿ, ಮದರಾಸಿನಲ್ಲಿ ಹ್ಯಾರಿ ಕ್ರೋ ಬಕ್ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ತೆರೆದ. ಬಕ್ ಕಲಿತದ್ದು ನೈಸ್ಮಿತ್ ಬುಟ್ಟಿ ಬಡಿದ ಅದೇ ಸ್ಪ್ರಿಂಗ್‌ಫೀಲ್ಡ್ ಶಾಲೆಯಲ್ಲಿ. ಮುಂದೆ 1964ರಲ್ಲಿ ಬೆಂಗಳೂರು, 1980ರಲ್ಲಿ ಮಂಗಳೂರು, 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯಗಳು ಬೇರೆಯಾದವು. ಮೈಸೂರಿನ ವ್ಯಾಪ್ತಿ ಕುಗ್ಗಿತು. ಅದೇ ಹೊತ್ತಿಗೆ ತಾಲ್ಲೂಕು ಕೇಂದ್ರಗಳಲ್ಲಿ ಪ್ರಥಮ ದರ್ಜೆ ಕಾಲೇಜುಗಳು ಬಂದು ತಂಡಗಳು ಹೆಚ್ಚಿದವು. ಹುಣಸೂರಿನ ಸರ್ಕಾರಿ ಕಾಲೇಜಿಗೆ ಅದೇ ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರ ಹೆಸರಿದೆ. ಅರಸರು ಕುಸ್ತಿಪ್ರಿಯರು, ಬುಟ್ಟಿಗೆ ಚೆಂಡು ಎಸೆದದ್ದು ಕೇಳಿಲ್ಲ!

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಮೈಸೂರು ಜಿಲ್ಲೆಯ ಈ ನಾಲ್ಕು ಊರುಗಳಲ್ಲಿ ಕಬಡ್ಡಿ ತಂಡ ಕಟ್ಟುವುದು ಕಷ್ಟವಲ್ಲ. 13 ಮೀಟರ್ ಉದ್ದ, 10 ಮೀಟರ್ ಅಗಲದ ಮಣ್ಣು ಹದ ಮಾಡಿ, ಸುಣ್ಣದ ಗೆರೆ ಎಳೆದರೆ ಅಂಗಳ ಸಿದ್ಧ. ವಾಲಿಬಾಲ್‌ಗೆ ಎರಡು ಕಂಬ, ಒಂದು ನೆಟ್. ಬ್ಯಾಸ್ಕೆಟ್‌ಬಾಲ್ ಕೇಳುವುದೇ ಬೇರೆ. 28 ಮೀಟರ್ ಉದ್ದ, 15 ಮೀಟರ್ ಅಗಲ, ಚೆಂಡು ಪುಟಿಯುವಷ್ಟು ಗಟ್ಟಿಯಾದ ಸಮತಟ್ಟು ನೆಲ, ಅಲುಗದ ಬೋರ್ಡು. ಮಣ್ಣಿನ ಮೇಲೆ ಆಡಬಹುದು, ಆದರೆ ಡ್ರಿಬಲ್ ಹೋಯಿತೆಂದರೆ ಆಟದ ಅರ್ಧ ಹೋದಂತೆ. ಬರ್ಲಿನ್ನಿನ ಆ ಫೈನಲ್ ನಡೆದದ್ದು ಮಣ್ಣು-ಮರಳಿನ ಟೆನಿಸ್ ಅಂಗಳದಲ್ಲಿ, ಸುರಿವ ಮಳೆಯಲ್ಲಿ. ಕೆಸರಿನಲ್ಲಿ ಚೆಂಡು ಪುಟಿಯಲಿಲ್ಲ, ಅಮೆರಿಕ 19-8ರಿಂದ ಗೆದ್ದಿತು. ಅಂಥ ದೊಡ್ಡ ಆಟಗಾರರ ಗತಿಯೇ ಹಾಗಾದರೆ, ಶ್ರಾವಣದ ಜಡಿಮಳೆಯಲ್ಲಿ ನಮ್ಮ ಕಾಲೇಜು ಮೈದಾನದ ಪಾಡು ಹೇಳಬೇಕಾಗಿಲ್ಲ.

ಸಿಮೆಂಟು ಅಂಗಳ ಇದ್ದಲ್ಲಿ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ಪಿರಿಯಾಪಟ್ಟಣ ತಾಲ್ಲೂಕಿನಲ್ಲೇ ಇದೆ. 1960ರ ದಶಕದ ಆರಂಭದಲ್ಲಿ ಬೈಲಕುಪ್ಪೆಯಲ್ಲಿ ನೆಲೆ ನಿಂತ ಟಿಬೆಟನ್ನರ ಶಾಲೆಗಳಲ್ಲಿ ಬ್ಯಾಸ್ಕೆಟ್‌ಬಾಲ್ ಮನೆಮಾತು. ಹುಡುಗಿಯರೂ ಆಡುತ್ತಾರೆ. ಪಕ್ಕದ ಕೊಡಗಿನಲ್ಲಿ ಹಾಕಿ ಬೇರೂರಿದ ಹಾಗೆ ಇಲ್ಲಿ ಇದು. ಆಟ ಬೇರೂರಲು ಹುಡುಗರ ಎತ್ತರಕ್ಕಿಂತ ನೆಲ ಮುಖ್ಯ.

ಈಗ ಲೀಗ್ ಎಲ್ಲಿದೆ? ಮೇಲಿದೆ. ದಕ್ಷಿಣ ವಲಯದ ಅಂತರ ವಿಶ್ವವಿದ್ಯಾನಿಲಯ ಪಂದ್ಯಾವಳಿಗಳು ಸಾಮಾನ್ಯವಾಗಿ ನಾಕೌಟ್ ಕಂ ಲೀಗ್. ಮೊದಲು ನಾಕೌಟ್, ಕೊನೆಗೆ ಉಳಿದ ನಾಲ್ಕು ತಂಡಗಳಿಗೆ ಲೀಗ್. ಗೆದ್ದು ಗೆದ್ದು ಅಲ್ಲಿಗೆ ಬಂದವರಿಗೆ ಇನ್ನೂ ಮೂರು ಪಂದ್ಯ. ಇದನ್ನು ತಲೆಕೆಳಗು ಮಾಡಬೇಕೆಂಬುದು ನನ್ನ ವಾದ. ಲೀಗ್ ಕೆಳಗಿರಲಿ, ನಾಕೌಟ್ ಮೇಲಿರಲಿ.

ನಾಲ್ಕು ತಾಲ್ಲೂಕಿನ ಭೂಪಟ ನೋಡಿದರೆ ಕೆಲಸ ಕಷ್ಟವೆನಿಸುವುದಿಲ್ಲ. ಹುಣಸೂರು ನಡುವೆ. ಮಡಿಕೇರಿ ರಸ್ತೆಯಲ್ಲಿ ಮುಂದೆ ಹೋದರೆ ಪಿರಿಯಾಪಟ್ಟಣ, ಒಂದು ಮಗ್ಗುಲಿಗೆ ಕೆ.ಆರ್. ನಗರ, ಇನ್ನೊಂದು ಮಗ್ಗುಲಿಗೆ ಎಚ್.ಡಿ. ಕೋಟೆ. ರೈಲು ಇರುವುದು ಕೆ.ಆರ್. ನಗರಕ್ಕೆ ಮಾತ್ರ, ಉಳಿದವರಿಗೆ ಕೆಂಪು ಬಸ್ಸೇ ಗತಿ. ಆದರೂ ಬೆಳಿಗ್ಗೆ ಹೊರಟು ಆಡಿ ಸಂಜೆಗೆ ಮನೆ ಸೇರುವಷ್ಟೇ ದೂರ. ಮಾಂಟ್ರಿಯಲ್-ಟೊರಾಂಟೊ ದೂರ ಇದರ ಹಲವು ಪಟ್ಟು. ನಾಲ್ಕು ತಂಡ, ತವರಲ್ಲೊಮ್ಮೆ ಹೊರಗೊಮ್ಮೆ ಆಡಿದರೆ ಒಟ್ಟು 12 ಪಂದ್ಯ, ಪ್ರತಿ ತಂಡಕ್ಕೆ ಆರು, ಅದರಲ್ಲಿ ಬಸ್ಸು ಹತ್ತಬೇಕಾದದ್ದು ಮೂರೇ ಸಲ. ವಾರಕ್ಕೆರಡು ಪಂದ್ಯದಂತೆ ಆರು ಶನಿವಾರ.

ಯಾವ ಆರು ಶನಿವಾರ ಎಂಬುದೇ ತೊಡಕು. ಆಗಸ್ಟ್-ಸೆಪ್ಟೆಂಬರ್ ಆಗದು. ಹುಣಸೂರು, ಪಿರಿಯಾಪಟ್ಟಣ, ಕೋಟೆ ಕಡೆ ಹೊಗೆಸೊಪ್ಪು ಮುರಿದು, ಎಲೆ ಹದಮಾಡುವ ಬ್ಯಾರನ್‌ಗೆ ಏರಿಸುವ ಕಾಲ. ರಾತ್ರಿಯೆಲ್ಲ ಬೆಂಕಿ ಕಾಯಲು ಮನೆಗೊಬ್ಬ ಹುಡುಗ ಬೇಕು. ಕೆ.ಆರ್. ನಗರದ ಕಾಲುವೆ ಬಯಲಲ್ಲಿ ನಾಟಿ. ಆಮೇಲೆ ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ಹರಾಜು ಮಾರುಕಟ್ಟೆಗಳು ತೆರೆದು ಬೇಲು ಸಾಗಿಸುವ ಗಡಿಬಿಡಿ. ಅದು ಇಳಿಮುಖವಾಗಿ, ಕೊಯ್ಲು ಮುಗಿದು, ನೆಲ ಒಣಗಿರುವ ಜನವರಿ-ಫೆಬ್ರವರಿಯೇ ಸರಿ. ಸೆಮಿಸ್ಟರ್ ಪರೀಕ್ಷೆಯ ದಿನಗಳನ್ನು ತಪ್ಪಿಸಿ ವೇಳಾಪಟ್ಟಿ ಹಾಕುವ ತಲೆನೋವು ಮಾತ್ರ ನಾಲ್ವರು ಪಿ.ಡಿ.ಗಳದ್ದು.